ಅಯಸ್ಕಾಂತದ ಸಂದಿನಲ್ಲಿದ್ದ ಕರಿ ಎಣ್ಣೆ

ನನ್ನ ಬದುಕಿನಲ್ಲಿ ಅತಿ ಶ್ರದ್ಧೆಯಿಂದ, ಕೈ ನಡುಗದಂತೆ, ಮಧ್ಯಾಹ್ನದ ಬುತ್ತಿಯನ್ನೂ ಬಿಚ್ಚದೆ ನಾನು ಮಾಡಿದ ಕೆಲಸ ಯಾವುದೆಂದು ಯಾರಾದರೂ ಕೇಳಿದರೆ, ಚೆನ್ನಾಗಿದ್ದ ಒಂದು ವಸ್ತುವನ್ನು ಹಾಳು ಮಾಡಿದ್ದು ಎಂದೇ ಹೇಳಬೇಕು. ಬೇಕಾಬಿಟ್ಟಿ ಮಾಡಿದ ಎಷ್ಟೋ ರಿಪೇರಿಗಳು ವರ್ಷಗಟ್ಟಲೆ ನೆಟ್ಟಗೆ ನಡೆದವು. ಬೆಂಕಿಕಡ್ಡಿ ಸಿಕ್ಕಿಸಿ ಕೊಟ್ಟಿದ್ದ ರೇಡಿಯೋ ಇನ್ನೂ ಹಾಡುತ್ತದೆ ಎಂದು ದಾರಿಯಲ್ಲಿ ನಿಲ್ಲಿಸಿ ಹೊಗಳಿದವರಿದ್ದಾರೆ. ಮನಸ್ಸಿಟ್ಟು ಮಾಡಿದ ಆ ಒಂದು ಕೆಲಸದ ಸುದ್ದಿಯನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅದಕ್ಕೇ ನಾನೇ ಎತ್ತುತ್ತಿದ್ದೇನೆ.

ಎಂಬತ್ತರ ದಶಕದ ಕೊನೆಯ ಮಾತು. ಅಫಜಲಪುರದ ಬಸ್‌ಸ್ಟ್ಯಾಂಡಿನ ಎದುರಿಗೆ ನನ್ನದೊಂದು ತಗಡಿನ ಅಂಗಡಿ ಇತ್ತು. ರೇಡಿಯೋ, ಟೇಪು, ಮೈಕು ರಿಪೇರಿ. ಬೋರ್ಡಿನ ಕೆಳಗೆ ‘ಪರದೇಶದ ಸೆಟ್ಟುಗಳ ಸ್ಪೆಷಲಿಸ್ಟ್’ ಎಂದು ನಾನೇ ಕೆಂಪು ಬಣ್ಣದಲ್ಲಿ ಬರೆದುಕೊಂಡಿದ್ದೆ. ಅಲ್ಲಿಯವರೆಗೆ ಪರದೇಶದ ಒಂದೇ ಒಂದು ಸೆಟ್ಟನ್ನೂ ಬಿಚ್ಚಿರಲಿಲ್ಲ ಎಂಬುದು ಬೇರೆ ಮಾತು. ಬಿಚ್ಚದಿದ್ದರೇನಾಯಿತು, ಒಳಗೆ ಇರುವುದು ಅದೇ ತಂತಿ, ಅದೇ ಅಯಸ್ಕಾಂತ ಎಂಬುದು ನನ್ನ ಧೈರ್ಯ.

ಈ ವಿದ್ಯೆ ಕಲಿತದ್ದು ಎಪ್ಪತ್ತರ ದಶಕದಲ್ಲಿ, ಆಳಂದದ ಒಬ್ಬ ಉಸ್ತಾದರ ಮೈಕ್ ಸೆಟ್ಟಿನ ಅಂಗಡಿಯಲ್ಲಿ. ಜಿಡಗಾ ಮಠದ ಕಾರ್ಯಕ್ರಮವಿರಲಿ, ಲಗ್ನವಿರಲಿ, ಚುನಾವಣೆಯ ಭಾಷಣವಿರಲಿ, ಆ ಕಡೆಯೆಲ್ಲ ಉಸ್ತಾದರ ಸ್ಪೀಕರುಗಳೇ ಕೂಗಬೇಕು. ಕೂಗಿ ಬಂದ ಮೇಲೆ ಅವುಗಳ ಹೊಟ್ಟೆ ತೊಳೆಯುವುದು ನನ್ನ ಪಾಲಿಗೆ. ಸ್ಪೀಕರೆಂದರೆ ಒಳಗೆ ಇಷ್ಟೇ: ಒಂದು ದಪ್ಪ ಅಯಸ್ಕಾಂತ, ಅದರ ಬಾಯಲ್ಲಿ ಉಗುರು ಕೂಡ ಇಳಿಯದಷ್ಟು ಕಿರಿದಾದ ದುಂಡನೆಯ ಸಂದು, ಆ ಸಂದಿನಲ್ಲಿ ಎತ್ತಲೂ ತಾಗದಂತೆ ಆಡುವ ತಂತಿಯ ಸುರುಳಿ. ಸುರುಳಿ ಅದುರಿದರೆ ಅದಕ್ಕಂಟಿದ ಹಾಳೆ ಅದುರುತ್ತದೆ, ಹಾಳೆ ಅದುರಿದರೆ ದನಿ. ನಮ್ಮ ಎರೆಮಣ್ಣಿನ ಧೂಳೋ ಕಬ್ಬಿಣದ ಪುಡಿಯೋ ಒಂದು ಕಣ ಸಂದಿಗೆ ಬಿತ್ತೆಂದರೆ ಮುಗಿಯಿತು, ಎಂಥ ಭಾಷಣವೂ ಕರಕರ.

“ಗ್ಯಾಪಿನ್ಯಾಗ ಗಾಳಿ ಬಿಟ್ರ ಏನೂ ಇರಬಾರದು ಬೇಟಾ,” ಎನ್ನುತ್ತಿದ್ದರು ಉಸ್ತಾದರು. “ಅಲ್ಲಿ ಏನರ ಕಂಡ್ರ ಅದು ದುಶ್ಮನ್ ಅಂತ ತಿಳಿ.”

ಹಳೆಯ ಎಕ್ಸ್‌ರೇ ಫಿಲ್ಮನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ, ಪೆಟ್ರೋಲಿನಲ್ಲಿ ಅದ್ದಿ, ಸಂದಿಗೆ ಇಳಿಸಿ ಸುತ್ತಲೂ ಎಳೆಯಬೇಕು. ಯಾರದೋ ಮುರಿದ ಪಕ್ಕೆಲುಬಿನ ಚಿತ್ರದಿಂದ ನಾನು ಎಷ್ಟು ಸ್ಪೀಕರು ತೊಳೆದಿದ್ದೇನೋ. ಒಂದು ಕಣ ಉಳಿದರೂ ಸ್ಕ್ರೂಡ್ರೈವರಿನ ಹಿಡಿಯಿಂದ ಬೆರಳ ಗಂಟಿನ ಮೇಲೆ ಪೆಟ್ಟು. ಎರಡು ವರ್ಷದಲ್ಲಿ ನನ್ನ ತಲೆಗೆ ಹೆಚ್ಚೇನೂ ಹತ್ತಲಿಲ್ಲ, ಬೆರಳಿಗೆ ಮಾತ್ರ ಆ ಪಾಠ ಬರೋಬ್ಬರಿ ಹತ್ತಿತು.

ಒಂದು ದಿನ ಬೆಳಿಗ್ಗೆ ಅತನೂರಿನ ಬಸ್ಸಿನಿಂದ ನಮ್ಮ ಮಾಸ್ತರರು ಇಳಿದರು. ನಾನೂ ಅತನೂರಿನವನೇ. ನಾಲ್ಕನೆಯ ಇಯತ್ತೆಯವರೆಗೆ ನನಗೆ ಅಕ್ಷರ, ಲೆಕ್ಕ, ಕಿವಿ ಹಿಂಡುವಿಕೆ ಮೂರನ್ನೂ ಕೊಟ್ಟವರು ಅವರು. ಕೇಳದ ಪ್ರಶ್ನೆಗೂ ಕೈ ಎತ್ತುತ್ತಿದ್ದೆನೆಂದು ‘ಅತಿಶಾಣ್ಯಾ’ ಎಂಬ ಬಿರುದನ್ನೂ ಕೊಟ್ಟಿದ್ದರು. ನಿವೃತ್ತರಾಗಿ ತಮ್ಮನ ತುಂಬಿದ ಮನೆಯಲ್ಲಿ ಇದ್ದರು. ಹೆಂಡತಿ ತೀರಿಕೊಂಡು ವರ್ಷವಾಗಿತ್ತು. ಕಂಕುಳಲ್ಲಿ ಟೇಪ್‌ರೆಕಾರ್ಡರು, ಹಿಂದೆ ಕಂಡಕ್ಟರನ ಕೈಯಲ್ಲಿ ಧೋತರದಲ್ಲಿ ಗಂಟು ಕಟ್ಟಿದ ಎರಡು ಸ್ಪೀಕರ್ ಡಬ್ಬಿ.

“ಲೇ ಅತಿಶಾಣ್ಯಾ, ಪರದೇಶದ ಸ್ಪೆಷಲಿಸ್ಟ ಆಗೀಯಂತಲ್ಲ? ಇದರ ಗಂಟಲು ಕೆಟ್ಟದ ನೋಡು,” ಎಂದು ಸ್ಟೂಲಿನ ಮೇಲೆ ಕುಳಿತರು.

ಸೌದಿಯಲ್ಲಿ ಲಾರಿ ಓಡಿಸುವ ಹಳೆಯ ವಿದ್ಯಾರ್ಥಿಯೊಬ್ಬ ಗುರುಕಾಣಿಕೆಯೆಂದು ತಂದುಕೊಟ್ಟ ಸೆಟ್ಟು ಅದು. ಮಾಸ್ತರರು ಜೇಬಿನಿಂದ ಒಂದು ಕ್ಯಾಸೆಟ್ ತೆಗೆದು ಹಾಕಿದರು. ಒಬ್ಬ ಹೆಣ್ಣುಮಗಳು ಜೋಳದ ರೊಟ್ಟಿ ಬಡಿಯುತ್ತ ಮೆಲ್ಲಗೆ ಬೀಸುವ ಪದ ಹಾಡುತ್ತಿದ್ದಳು. ಅಂಗೈ ರೊಟ್ಟಿಗೆ ಬಿದ್ದಾಗ ಪಟ್ ಪಟ್ ಎಂದು ದಪ್ಪ ಸಪ್ಪಳ. ಅದರ ಬೆನ್ನಿಗೇ ಛಿಲ್ ಎಂದು ಒಂದು ಸಣ್ಣ ಸಪ್ಪಳ. ಎಡಗಡೆಯ ಡಬ್ಬಿ ಆಗಾಗ ಕರಕರ ಎನ್ನುತ್ತಿತ್ತು.

ನಾನು ಡಾಕ್ಟರನಂತೆ ಹುಬ್ಬು ಗಂಟಿಕ್ಕಿ ಕೇಳಿದೆ. “ಕರಕರ ಇರ್ಲಿ ಮಾಸ್ತರ್ರ, ನಡುನಡುವ ಛಿಲ್ ಅಂತದಲ್ಲ, ಅದನ್ನೂ ತೆಗೀಲೇನ್ರಿ?”

“ಹುಚ್ಚಪ್ಪಾ! ಅದನ್ನ ತೆಗದಿ ಅಂದ್ರ ನಿನ್ನ ಚರ್ಮಾ ಸುಲೀತೇನಿ. ಅದು ನಮ್ಮಾಕಿ ಕೈಯಾಗಿನ ಬಳಿ.”

ಆಮೇಲೆ ಹೇಳಿದರು. ಸೆಟ್ಟು ಬಂದ ಹೊಸದರಲ್ಲಿ, ಹೆಂಡತಿಗೆ ಗೊತ್ತಾಗದಂತೆ ಅಡುಗೆಮನೆಯ ಬಾಗಿಲ ಹಿಂದೆ ಇಟ್ಟು ಇದನ್ನು ತುಂಬಿಕೊಂಡಿದ್ದರಂತೆ. ತೋರಿಸಿ ನಗಿಸಬೇಕೆಂದಿದ್ದು. “ಹನ್ನೊಂದು ರೊಟ್ಟಿ ಅದಾವ ಇದರಾಗ. ಪದ ಎಲ್ಲಾರೂ ಹಾಡ್ತಾರ ತಮ್ಮಾ, ರೊಟ್ಟಿ ಎಲ್ಲಾರ ಮನ್ಯಾಗೂ ಬಡೀತಾರ. ಈ ಬಳಿ ಸಪ್ಪಳಾ ಮಾತ್ರ ಆಕೀದು. ಮೂವತ್ತೆಂಟು ವರ್ಷ ಮುಂಜಾನೆ ನಾ ಇದಕ್ಕs ಎದ್ದೇನಿ. ಈಗೂ ಇದನ್ನ ಹಚ್ಚಿಕೊಂಡs ಏಳ್ತೇನಿ.”

“ಕಾಳಜಿ ಬಿಡ್ರಿ ಮಾಸ್ತರ್ರ. ಮೂರು ದಿನದಾಗ ಹೊಸಾದು ಮಾಡಿ ಕೊಡ್ತೇನಿ,” ಎಂದೆ. ಸೆಟ್ಟು ಇನ್ನೂ ಹೊಸದೇ ಇದೆ ಎಂಬುದು ನನ್ನ ತಲೆಗೆ ಬರಲಿಲ್ಲ.

ಕರಕರದ ಕಾರಣ ಸಿಗಲು ಚಹಾ ಕುಡಿದಷ್ಟು ಹೊತ್ತೂ ಬೇಕಾಗಲಿಲ್ಲ. ಎಡ ಡಬ್ಬಿಯಲ್ಲಿ ಒಂದು ತಂತಿಯ ಬೆಸುಗೆ ಬಿಟ್ಟಿತ್ತು. ಒಂದು ಚುಕ್ಕೆ ಬೆಸುಗೆ ಇಟ್ಟೆ, ದನಿ ಗಂಗಾಳ ಬೆಳಗಿದ ಹಾಗೆ ಸ್ವಚ್ಛವಾಯಿತು. ಅಲ್ಲಿಗೆ ಡಬ್ಬಿ ಮುಚ್ಚಿ ಬುತ್ತಿ ಬಿಚ್ಚಿದ್ದರೆ ಈ ಬರಹವಿರುತ್ತಿರಲಿಲ್ಲ. ಆದರೆ ಸ್ಪೆಷಲಿಸ್ಟ್ ಎಂದು ಬರೆದುಕೊಂಡವನು ಒಂದು ಚುಕ್ಕೆ ಬೆಸುಗೆಗೆ ತೃಪ್ತಿಪಡುವುದು ಹೇಗೆ? ಪರದೇಶದ ಸೆಟ್ಟು ಮತ್ತೆ ಯಾವಾಗ ಕೈಗೆ ಸಿಗುತ್ತದೋ ಎಂದು ಎಲ್ಲವನ್ನೂ ಬಿಚ್ಚಿದೆ.

ಒಂದೊಂದು ಡಬ್ಬಿಯಲ್ಲಿ ಎರಡೆರಡು ಸ್ಪೀಕರು. ದಪ್ಪ ದನಿಗೆ ದೊಡ್ಡದು. ಸಣ್ಣ ದನಿಗೆ, ಅಂದರೆ ಗೆಜ್ಜೆ, ತಾಳ, ಬಳೆ ಇಂಥವಕ್ಕೆ, ರೂಪಾಯಿ ನಾಣ್ಯದಷ್ಟಗಲದ ಇನ್ನೊಂದು. ಅದಕ್ಕೆ ಟ್ವೀಟರ್ ಎನ್ನುತ್ತಾರೆ. ನಾಲ್ಕು ಸ್ಕ್ರೂ ತೆಗೆದು ಟ್ವೀಟರಿನ ಮುಚ್ಚಳ ಎತ್ತಿದೆ. ಸಂದಿನ ತುಂಬ ಕಪ್ಪಗೆ ಹೊಳೆಯುವ ಎಣ್ಣೆ! ಕೂದಲೆಳೆಯ ಸುರುಳಿ ಆ ಎಣ್ಣೆಯಲ್ಲಿ ಅದ್ದಿ ತೆಗೆದಂತೆ ಕರ್ರಗಾಗಿತ್ತು.

“ಅಬಬಬಾ, ಪರದೇಶದವರೂ ಇಷ್ಟು ಹೊಲಸರೇನು!” ಎಂದು ಒಬ್ಬನೇ ಕೂಗಿದೆ. ಉಸ್ತಾದರ ದುಶ್ಮನ್ ಒಬ್ಬನಲ್ಲ, ಇಡೀ ದಂಡೇ ಅಲ್ಲಿ ಬೀಡುಬಿಟ್ಟಿತ್ತು.

ಟ್ವೀಟರನ್ನು ತಲೆಕೆಳಗು ಮಾಡಿದೆ. ಒಂದು ಹನಿಯೂ ಬೀಳಲಿಲ್ಲ. ಕುಟ್ಟಿದೆ, ಬೀಳಲಿಲ್ಲ. ಎಣ್ಣೆಯೊಂದು ಬೋರಲು ಹಾಕಿದರೂ ಬೀಳುವುದಿಲ್ಲವೆಂದರೆ ಬುದ್ಧಿಯಿದ್ದವನು ಕೈ ತೊಳೆದು ಸುಮ್ಮನೆ ಕೂಡುತ್ತಿದ್ದ. ನನಗೆ ಸಿಟ್ಟು ಬಂತು. ಕಡ್ಡಿಯಿಂದ ಕೆದರಿ ಒಂದು ಹನಿಯನ್ನು ಗಾಜಿನ ಮೇಲೆ ಇಟ್ಟು, ಗಾಜಿನ ಕೆಳಗೆ ಹಳೆಯ ಅಯಸ್ಕಾಂತ ಹಿಡಿದೆ. ಹನಿ ಸರಕ್ಕನೆ ಅದರ ಮೇಲಕ್ಕೆ ಓಡಿ ಬಂದು ಮೈತುಂಬ ಮುಳ್ಳೆಬ್ಬಿಸಿ ನಿಂತಿತು, ದತ್ತೂರಿ ಕಾಯಿಯ ಹಾಗೆ. ಅಯಸ್ಕಾಂತ ತೆಗೆದರೆ ಮುಳ್ಳು ಮಾಯ, ಮತ್ತೆ ಬರೀ ಎಣ್ಣೆ. ಎರಡು ಮೂರು ಸಲ ಆಡಿಸಿ ನೋಡಿದೆ. ಆಹಾ ಎಂದು ಬೆರಗಾಗುವ ಬದಲು ನಾನು ಮಾಡಿದ ತೀರ್ಮಾನ ಇದು: ಎಣ್ಣೆಯಲ್ಲಿ ಕಬ್ಬಿಣದ ಪುಡಿ ಕಲೆತಿದೆ, ಇದಕ್ಕಿಂತ ಕೆಟ್ಟ ಹೊಲಸು ಜಗತ್ತಿನಲ್ಲಿಲ್ಲ.

ಮುಂಜಾನೆ ಹಿಡಿದವನು ಸಂಜೆಯವರೆಗೆ ತೆಗೆದೆ. ಅದೂ ಹಟಮಾರಿ. ಪಟ್ಟಿಯಿಂದ ಎಳೆದರೆ ಈ ಕಡೆಯಿಂದ ಆ ಕಡೆಗೆ ಜಾರುತ್ತಿತ್ತು, ಅಯಸ್ಕಾಂತವನ್ನು ತಬ್ಬಿಕೊಂಡು ಬಿಡುತ್ತಲೇ ಇರಲಿಲ್ಲ. ಮೊದಲ ಟ್ವೀಟರಿನದನ್ನು ಕಡ್ಡಿಯಿಂದ ಹನಿಹನಿಯಾಗಿ ಎತ್ತಿ ಇಂಜೆಕ್ಷನ್ನಿನ ಖಾಲಿ ಸೀಸೆಯಲ್ಲಿ ಹಾಕಿದೆ, ಗಿರಾಕಿಗಳಿಗೆ ತೋರಿಸಲು. ಎರಡನೆಯದನ್ನು ಅರಿವೆಗೆ ಒರೆಸಿ ಎಸೆದೆ. ಕೊನೆಗೆ ಪೆಟ್ರೋಲು ಹಾಕಿ ಎರಡೂ ಸಂದುಗಳನ್ನು ಕನ್ನಡಿಯಂತೆ ಹೊಳೆಯಿಸಿದೆ. ಉಸ್ತಾದರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು. ನಾನೇ ನನ್ನ ಬೆನ್ನು ತಟ್ಟಿಕೊಂಡೆ.

ಅಷ್ಟಕ್ಕೇ ನಿಲ್ಲಿಸಿದೆನೇ? ಮಾಸ್ತರರು ಬರಲು ಇನ್ನೂ ಎರಡು ದಿನವಿತ್ತು. ಡಬ್ಬಿಗಳನ್ನು ಅಂಗಡಿಯ ಮುಂದೆ ಬಸ್‌ಸ್ಟ್ಯಾಂಡಿಗೆ ಮುಖ ಮಾಡಿ ಇಟ್ಟು, ಸಿನಿಮಾ ಹಾಡು ಹಚ್ಚಿ, ದನಿಯ ಗುಂಡಿಯನ್ನು ಕೊನೆಯವರೆಗೆ ತಿರುವಿದೆ. ಬಸ್ಸು ಕಾಯುವವರು ಬಂದು ಸುತ್ತ ನಿಂತರು. ಸೋಲಾಪುರದ ಕಡೆಗೆ ಹೊರಟಿದ್ದ ಒಬ್ಬ ಡ್ರೈವರು ಗಾಡಿ ನಿಲ್ಲಿಸಿಯೇ ಕೇಳಿದ. ಎರಡು ದಿನ ಊರಿಗೆಲ್ಲ ಪುಕ್ಕಟೆ ಸಂಗೀತ, ನನಗೆ ಪುಕ್ಕಟೆ ಜಾಹೀರಾತು. ಎರಡನೆಯ ದಿನ ಮಧ್ಯಾಹ್ನ ದನಿ ಯಾಕೋ ಕೌದಿ ಹೊದ್ದು ಹಾಡಿದಂತೆ ಮಬ್ಬಾಯಿತು. ಕಿವಿ ದಣಿದಿದೆ ಎಂದುಕೊಂಡು ಕಿವಿಗೆ ಬೆರಳು ಹಾಕಿ ಅಲ್ಲಾಡಿಸಿಕೊಂಡೆ.

ಮರುದಿನ ಮಾಸ್ತರರು ಬಂದರು. ಮೊದಲು ಸೀಸೆ ತೋರಿಸಿದೆ. “ನೋಡ್ರಿ ಎಷ್ಟು ಹೊಲಸು ತೆಗದೇನಿ! ಬ್ಯಾರೆಯವರಿಗೆ ಇದು ಗೊತ್ತೂ ಆಗತಿದ್ದಿಲ್ಲ.”

ಅವರು ಮೆಚ್ಚಿ ತಲೆಯಾಡಿಸಿ ಕ್ಯಾಸೆಟ್ ಹಾಕಿದರು. ರೊಟ್ಟಿಯ ಪಟ್ ಪಟ್ ಬಂತು. ಪದ ಬಂತು. ಕರಕರ ಇಲ್ಲ. ನಾನು ಎದೆಯುಬ್ಬಿಸಿ ನಿಂತೆ. ಮಾಸ್ತರರು ತಲೆ ಓರೆ ಮಾಡಿ ಕೇಳುತ್ತಲೇ ಇದ್ದರು. ಎರಡು ರೊಟ್ಟಿ ಮುಗಿದವು.

“ಬಳಿ ಎಲ್ಲಿ?” ಎಂದರು.

ಆಗ ನನಗೂ ಗೊತ್ತಾಯಿತು. ಛಿಲ್ ಇರಲಿಲ್ಲ. ಪಟ್ ಆದ ಮೇಲೆ ಅದು ಬರಬೇಕಾದ ಜಾಗ ಖಾಲಿಯಿತ್ತು. ಎರಡೂ ಟ್ವೀಟರುಗಳು ಸತ್ತಿವೆ ಎಂದು ತಿಳಿಯಿತು. ಯಾಕೆ ಸತ್ತವೆಂಬುದು ತಿಳಿಯಲಿಲ್ಲ.

“ಬರಾಕತ್ತದಲ್ರಿ, ಎಲ್ಲಾ ಬರೋಬ್ಬರಿ ಬರಾಕತ್ತದ,” ಎಂದೆ.

“ಇಲ್ಲಪಾ. ಆಕಿ ಕೈ ಬರಿದಾಗ್ಯಾವ.” ಅವರ ದನಿ ಸಣ್ಣದಾಯಿತು. “ಬರಿಗೈಲೆ ಬಡ್ಯಾಕತ್ತಾಳಲ್ಲೋ. ನಾ ಇನ್ನೂ ಬದಕೇ ಇದ್ದೇನಿ.”

ಮುತ್ತೈದೆಯಾಗಿ ಹೋದವಳನ್ನು ಹಸಿರು ಬಳೆ ತೊಡಿಸಿಯೇ ಮಣ್ಣು ಮಾಡಿದ್ದರು. ತಪ್ಪಾಯಿತು ಮಾಸ್ತರ್ರ, ಏನೋ ಕೆಡಿಸಿದ್ದೇನೆ, ಬಿಟ್ಟು ಹೋಗಿರಿ, ನೋಡುತ್ತೇನೆ ಎನ್ನಲು ಎಷ್ಟು ಹೊತ್ತು ಬೇಕು? ಆದರೆ ತಲೆಯ ಮೇಲೆ ಕೆಂಪು ಅಕ್ಷರದ ಬೋರ್ಡು ತೂಗುತ್ತಿತ್ತು. ಬಸ್ಸು ಕಾಯುವ ನಾಲ್ಕು ಮಂದಿ ನೋಡುತ್ತಿದ್ದರು. ಬಾಯಿಂದ ಬಂದದ್ದೇ ಬೇರೆ.

“ಸೆಟ್ಟಿಂದೇನೂ ತಪ್ಪಿಲ್ರಿ ಮಾಸ್ತರ್ರ. ನಿಮಗ ವಯಸ್ಸಾತು. ವಯಸ್ಸಾದ್ರ ಕಿವಿಗೆ ಸಣ್ಣ ಸಪ್ಪಳಾ ಹತ್ತೂದಿಲ್ಲ. ನನಗ ಬಳಿ ಚಂದ ಕೇಳಾಕತ್ತಾವ.”

ಮಾಸ್ತರರು ನನ್ನ ಮುಖ ನೋಡಿದರು. ನಾಲ್ಕನೆಯ ಇಯತ್ತೆಯಲ್ಲಿ ಸುಳ್ಳು ಹೇಳಿದಾಗ ಹೀಗೇ ನೋಡುತ್ತಿದ್ದರು, ನೋಡಿದ ಮರುಕ್ಷಣವೇ ಹಿಡಿಯುತ್ತಿದ್ದರು. ಆ ದಿನ ಹಿಡಿಯಲಿಲ್ಲ. “ಹಂಗಿರಬೇಕು ತಮ್ಮಾ,” ಎಂದು ಕ್ಯಾಸೆಟ್ಟನ್ನು ಜೇಬಿಗೆ ಹಾಕಿಕೊಂಡು ಎದ್ದರು. ಡಬ್ಬಿಗಳನ್ನು ಬಸ್ಸಿನವರೆಗೆ ನಾನೇ ಹೊತ್ತು ಕೊಟ್ಟೆ. ಅಷ್ಟು ಸೇವೆ ಮಾಡಿದೆ, ಪುಣ್ಯಾತ್ಮ.

ಅಲ್ಲಿಂದ ಎರಡು ವರ್ಷ ನಾನು ಅತನೂರಿಗೆ ಹೋದಾಗೆಲ್ಲ ಮಾಸ್ತರರ ಓಣಿ ಬಿಟ್ಟು ಸುತ್ತು ಹಾಕಿ ನಡೆದೆ. ಸೀಸೆಯನ್ನು ಮಾತ್ರ ಬಿಡಲಿಲ್ಲ. ಸತ್ತ ಟ್ವೀಟರಿನ ಕಥೆ ನುಂಗಿ, ತೆಗೆದ ಹೊಲಸಿನ ಕಥೆ ಹೇಳಿಕೊಂಡು ತಿರುಗುತ್ತಿದ್ದೆ. ನಾಚಿಕೆಯನ್ನು ಹಾಗೆ ಎರಡು ಹೋಳು ಮಾಡಿ, ಬೇಕಾದ ಹೋಳನ್ನಷ್ಟೇ ಜೇಬಿನಲ್ಲಿ ಇಟ್ಟುಕೊಳ್ಳಬಹುದೆಂದು ನನಗೆ ಯಾರು ಕಲಿಸಿದರೋ.

ಎರಡನೆಯ ವರ್ಷದ ಪಂಚಮಿಗೆ ಹೆಂಡತಿ ತನ್ನ ತವರು ಜೇವರ್ಗಿಗೆ ಹೋಗಿದ್ದಳು. ಕರೆತರಲು ಹೋದೆ. ಅತ್ತೆಯ ಮನೆಯ ಪಕ್ಕದ ಕೋಣೆಯಲ್ಲಿ, ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಉಪನ್ಯಾಸಕರೊಬ್ಬರು ಬಾಡಿಗೆಗಿದ್ದರು. ಹಬ್ಬದ ಉಂಡಿ ತಿನ್ನಲು ಬಂದ ಅವರ ಮುಂದೆ, ಅಳಿಯನ ಗತ್ತಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಸೀಸೆ ತೆಗೆದೆ. “ಪರದೇಶದ ಮಾಲು ಅಂತ ಕುಣೀತಾರ್ರಿ ಮಂದಿ. ಒಳಗ ನೋಡಿದ್ರ ಇಂಥಾ ಹೊಲಸು.”

ಅವರು ಸೀಸೆಯನ್ನು ಬೆಳಕಿಗೆ ಹಿಡಿದರು. ತಮ್ಮ ಕೋಣೆಗೆ ಓಡಿಹೋಗಿ ಒಂದು ಅಯಸ್ಕಾಂತ ತಂದು ಸೀಸೆಗೆ ಹಚ್ಚಿದರು. ಒಳಗೆ ಮುಳ್ಳೆದ್ದವು. ಉಂಡಿಯನ್ನು ಅಲ್ಲೇ ಕೆಳಗಿಟ್ಟರು.

“ಇದನ್ನೆಲ್ಲಿಂದ ತಂದ್ರಿ? ನಾವು ಬರೇ ಪುಸ್ತಕದಾಗ ಓದೀವಿ, ಕಣ್ಣಿಲೆ ಕಂಡಿದ್ದಿಲ್ಲ! ಇದು ಹೊಲಸಲ್ರಿ. ಇದು ಕಾಂತದ್ರವ.”

ಆಮೇಲೆ ಅವರು ಹೇಳುತ್ತ ಹೋದರು, ನಾನು ಕಾಲ ಮೇಲಿನ ಕಾಲು ಇಳಿಸುತ್ತ ಹೋದೆ. ಕಬ್ಬಿಣದ ಒಂದು ಬಗೆಯ ಆಕ್ಸೈಡನ್ನು ಯಾವ ಸೂಕ್ಷ್ಮದರ್ಶಕಕ್ಕೂ ಸುಲಭಕ್ಕೆ ಕಾಣದಷ್ಟು ಸಣ್ಣ ಕಣ ಮಾಡುತ್ತಾರಂತೆ. ಒಂದಕ್ಕೊಂದು ಅಂಟದಂತೆ ಪ್ರತಿ ಕಣಕ್ಕೂ ಸಾಬೂನಿನಂಥ ತೆಳುವಾದ ಹೊದಿಕೆ. ಅಷ್ಟು ಸಣ್ಣವಾದ್ದರಿಂದ ಅವು ಎಣ್ಣೆಯಲ್ಲಿ ಎಷ್ಟು ವರ್ಷವಾದರೂ ತಳ ಹಿಡಿಯದೆ ತೇಲುತ್ತಲೇ ಇರುತ್ತವೆ, ಹಾಗಾಗಿ ಅಯಸ್ಕಾಂತ ಕರೆದರೆ ಇಡೀ ಎಣ್ಣೆಯೇ ಎದ್ದು ಹೋಗುತ್ತದೆ. ತೂಕವೇ ಇಲ್ಲದ ಆಕಾಶದಲ್ಲಿ ರಾಕೆಟ್ಟಿನ ಇಂಧನವನ್ನು ಎಳೆದು ತರುವುದು ಹೇಗೆಂಬ ಚಿಂತೆಯಲ್ಲಿ ಇದು ಹುಟ್ಟಿತಂತೆ. ಅಲ್ಲಿ ಬಳಸಿದರೋ ಇಲ್ಲವೋ, ಭೂಮಿಯ ಮೇಲೆ ಬೇಕಾದಷ್ಟು ಕೆಲಸ ಸಿಕ್ಕಿತು.

“ತಿರುಗೋ ಅಚ್ಚಿನ ಸುತ್ತ ಇದನ್ನ ಹನಿ ಹಾಕಿ ಅಯಸ್ಕಾಂತದಿಂದ ಹಿಡಿದು ಇಡ್ತಾರ್ರಿ. ಅಚ್ಚು ಆರಾಮ ತಿರಗ್ತದ, ಗಾಳಿ ಧೂಳಿ ಮಾತ್ರ ದಾಟಂಗಿಲ್ಲ. ಕಂಪ್ಯೂಟರಿನ ಡಿಸ್ಕ್ ಒಳಗ ಧೂಳಿ ಹೋಗದಂಗ ಕಾಯಾಕ ಇದನ್ನs ಹಾಕ್ತಾರ,” ಎಂದರು.

ಹೊಲಸು ಒಳಗೆ ಹೋಗದಂತೆ ಕಾಯುವ ವಸ್ತುವನ್ನು ಹೊಲಸೆಂದು ತೆಗೆದವನು ನಾನು. ಆದರೂ ಕೊನೆಯ ಆಸೆಯಿಂದ ಕೇಳಿದೆ, “ಸ್ಪೀಕರಿನ್ಯಾಗ ಯಾಕ್ರಿ ಮತ್ತ?”

“ಸಣ್ಣ ಸ್ಪೀಕರಿನ ಸುರುಳಿ ಕೂದಲಿನಂಗ ಇರ್ತದಲ್ಲ, ಜಲ್ದಿ ಕಾಯ್ತದ. ಬರೇ ಗಾಳಿ ಇದ್ರ ಶಾಖ ಎಲ್ಲಿ ಹೋಗಬೇಕು? ಈ ದ್ರವ ಸಂದು ತುಂಬಿಕೊಂಡು ಶಾಖಾನ ಅಯಸ್ಕಾಂತದ ಕಬ್ಬಿಣಕ್ಕ ಮುಟ್ಟಸ್ತದ. ಸುರುಳಿ ಅತ್ತಿತ್ತ ವಾಲದಂಗ ನಡುವs ಹಿಡೀತದ. ಇದನ್ನ ತೆಗದು ಜೋರ್ ಹಚ್ಚಿದ್ರ ಸುರುಳಿ ಸುಟ್ಟು ಹೋಗ್ತದ.” ಆಮೇಲೆ ನಗುತ್ತ ಕೇಳಿದರು, “ಯಾರು ತೆಗದ್ರಿ ಇದನ್ನ?”

ಚಹಾ ತಂದ ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದಳು. ಮಾಸ್ತರರ ಕಿವಿಯ ಕಥೆ ಅವಳಿಗೆ ಗೊತ್ತಿತ್ತು, ನಾನೇ ಹೇಳಿದ್ದೆ, ನನಗೆ ಬೇಕಾದಂತೆ. ತಿರುಗಿ ಬರುವಾಗ ಬಸ್ಸಿನಲ್ಲಿ ಭೀಮಾ ಸೇತುವೆಯ ಮೇಲೆ ಅಂದಳು: “ಮಾಸ್ತರ ಕಿವಿ ಬರೋಬ್ಬರಿ ಇದ್ದೂವು. ನಿಮ್ಮ ತಲಿ ಹೋಗಿತ್ತು. ಹೋಗಿ ಪಾಯಾ ಮುಟ್ರಿ.”

ಪಾದ ಮುಟ್ಟುವ ಧೈರ್ಯ ಎಲ್ಲಿಂದ ಬರಬೇಕು? ಅತನೂರಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಂದು ಚೀಟಿ ಕಳಿಸಿದೆ: ‘ಎರಡೂ ಡಬ್ಬಿ ಕಳಿಸಿರಿ, ಸುಮ್ಮನೆ ಇನ್ನೊಮ್ಮೆ ನೋಡುತ್ತೇನೆ.’ ಮರುದಿನ ಅದೇ ಬಸ್ಸಿನಲ್ಲಿ ಅದೇ ಧೋತರದ ಗಂಟು ಬಂತು. ಉತ್ತರವಿರಲಿಲ್ಲ.

ಟ್ವೀಟರು ಬಿಚ್ಚಿ ನೋಡಿದರೆ ನಾನು ಹೊಳೆಯಿಸಿದ ಸಂದಿನಲ್ಲಿ ಸುರುಳಿ ಕರಕಲಾಗಿ ಕೂತಿತ್ತು. ಗುಲ್ಬರ್ಗಾದಿಂದ ಕೂದಲೆಳೆಯ ತಂತಿ ತರಿಸಿ, ಪೆನ್ನಿನ ಟೋಪಿಗೆ ಕಾಗದ ಸುತ್ತಿ ಅಳತೆ ಮಾಡಿ, ಉಸಿರು ಹಿಡಿದು ಹೊಸ ಸುರುಳಿ ಸುತ್ತಿದೆ. ಸುತ್ತಿದಷ್ಟು ಸಲ ಹರಿಯಿತು. ಸುರುಳಿಯೇನೋ ಕೊನೆಗೆ ಆಯಿತು, ಎಣ್ಣೆ? ಸೀಸೆಯಲ್ಲಿದ್ದದ್ದು ಒಂದು ಟ್ವೀಟರಿಗಷ್ಟೇ ಸಾಕು. ಎರಡನೆಯದರ ಎಣ್ಣೆ ಎಂದೋ ತಿಪ್ಪೆ ಸೇರಿತ್ತು.

ಇಲ್ಲಿ ನನ್ನೊಳಗಿನ ಅತಿಶಾಣ್ಯಾ ಮತ್ತೆ ಎದ್ದ. ಕಬ್ಬಿಣದ ಕಣ, ಎಣ್ಣೆ, ಸಾಬೂನು, ಇಷ್ಟೇ ತಾನೆ? ಭೀಮಾ ದಂಡೆಗೆ ಹೋಗಿ ಮರಳಿನಲ್ಲಿ ಅಯಸ್ಕಾಂತ ಎಳೆದಾಡಿ ಕರಿ ಪುಡಿ ಕೂಡಿಸಿದೆ. ಬಟ್ಟೆ ಒಗೆಯುವವರು ನನಗೆ ಮರುಳು ಹಿಡಿಯಿತೆಂದು ನೋಡಿದರು. ಆ ಪುಡಿಯನ್ನು ಹೆಂಡತಿ ಯಾಲಕ್ಕಿ ಕುಟ್ಟುವ ಖಲಬತ್ತಿನಲ್ಲಿ ಎರಡು ದಿನ ಅರೆದು, ಬಟ್ಟೆ ಸಾಬೂನು ಹೆರೆದು ಹಾಕಿ, ಕುಸುಬಿ ಎಣ್ಣೆಯಲ್ಲಿ ಕಲಸಿದೆ. ಎಣ್ಣೆ ಮೇಲೆ ತೇಲಿತು, ಪುಡಿ ತಳದಲ್ಲಿ ಕೂತಿತು. ಅದನ್ನೇ ಸಂದಿಗೆ ಹಾಕಿದರೆ ಸುರುಳಿ ಕಲಸಿಟ್ಟ ಹಿಟ್ಟಿನಲ್ಲಿ ಸಿಕ್ಕಂತೆ ಸಿಕ್ಕು ಅಲುಗಾಡಲಿಲ್ಲ. ನನ್ನ ಕಾಂತದ್ರವದಿಂದ ಆದ ಉಪಯೋಗವೆಂದರೆ ಮುಂದೆ ಒಂದು ತಿಂಗಳು ನಮ್ಮ ಮನೆಯ ಚಹಾ ಕುಸುಬಿ ವಾಸನೆ ಹೊಡೆದದ್ದು. ಹೆಂಡತಿ ಆ ಖಲಬತ್ತನ್ನು ನನ್ನ ಅಂಗಡಿಗೇ ತಂದು ಕುಕ್ಕಿ ಹೋದಳು.

ಸರಿ, ಒಂದು ಡಬ್ಬಿಯಾದರೂ ಬದುಕಲಿ. ಸೀಸೆಯ ಎಣ್ಣೆಯನ್ನು ಸೂಜಿ ತೆಗೆದ ಸಿರಿಂಜಿನಿಂದ ಹೀರಿ ಸಂದಿನ ಅಂಚಿಗೆ ಮುಟ್ಟಿಸಿದೆ. ನಾನೇನೂ ಮಾಡಬೇಕಾಗಲಿಲ್ಲ. ಅದು ತಾನೇ ಓಡಿಹೋಗಿ ಸಂದಿನ ಸುತ್ತ ಹರಡಿ, ತನ್ನ ಜಾಗದಲ್ಲಿ ಕುಳಿತುಕೊಂಡಿತು. ಎರಡು ವರ್ಷ ಜೇಬಿನಲ್ಲಿಟ್ಟು ಊರೂರು ಅವಮಾನ ಮಾಡಿದ್ದರೂ ಅದಕ್ಕೆ ತನ್ನ ಕೆಲಸ ಮರೆತಿರಲಿಲ್ಲ. ನನಗೆ ನಿಜಕ್ಕೂ ಕಣ್ಣು ತುಂಬಿ ಬಂದವು.

ಈ ಸಲ ಕಂಡಕ್ಟರನ ಕೈಯಲ್ಲಿ ಕಳಿಸಲಿಲ್ಲ. ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನುದ್ದಕ್ಕೂ ಹೇಳಬೇಕಾದದ್ದನ್ನು ಗುಣಗುಣಿಸುತ್ತ ಹೋದೆ. ಪಕ್ಕದವರು ಮಂತ್ರವೆಂದು ತಿಳಿದು ಸರಿದು ಕುಳಿತರು.

ಮಾಸ್ತರರು ಅಂಗಳದ ಕಟ್ಟೆಯ ಮೇಲಿದ್ದರು. ಮನೆಯಲ್ಲಿ ತಮ್ಮನ ಸೊಸೆಯಂದಿರು, ಮೊಮ್ಮಕ್ಕಳು, ಗದ್ದಲವೋ ಗದ್ದಲ. ಕಾಲಿಗೆ ಬಿದ್ದು ಎಲ್ಲ ಹೇಳಿದೆ. ಎಣ್ಣೆ ತೆಗೆದದ್ದು, ಬಸ್‌ಸ್ಟ್ಯಾಂಡಿಗೆ ಹಾಡು ಕೇಳಿಸಿದ್ದು, ಕಿವಿಯ ಸುಳ್ಳು. ಅರ್ಧಕ್ಕೆ ಕೈ ಅಡ್ಡ ಹಿಡಿದು, “ಜೋರ್ ಹೇಳೋ, ಬಾಯಾಗ ಹಿಟ್ಟು ಇಟಗೊಂಡೀಯೇನು?” ಎಂದರು. ನಾಚಿಕೆಗೆ ದನಿ ಇಳಿದಿದೆ ಎಂದುಕೊಂಡು ಮತ್ತೆ ಮೊದಲಿನಿಂದ, ಓಣಿಯವರೆಲ್ಲ ಕೇಳುವಂತೆ ಕೂಗಿ ಹೇಳಿದೆ.

“ಹೊಲಸು ಅಂತ ತಿಳದು ತೆಗದಿ. ಅದು ತಪ್ಪಲ್ಲ, ದಡ್ಡತನ. ಕಿವಿ ಮಾತು ಯಾಕ ಅಂದಿ?” ಎಂದರು. “ನಾ ನಂಬಿದೆ ಮಾರಾಯಾ. ಬರಿಗೈ ಸಪ್ಪಳಾ ಕೇಳಲಾರದಕ್ಕ ಟೇಪ ಟ್ರಂಕಿನ್ಯಾಗ ಇಟ್ಟುಬಿಟ್ಟೆ. ಎರಡು ವರ್ಷಾತು ಹಚ್ಚಿಲ್ಲ.”

ಎರಡು ವರ್ಷದ ಮುಂಜಾನೆಗಳು. ನನ್ನ ಒಂದು ಬೋರ್ಡಿನ ಮರ್ಯಾದೆಗೆ.

ಟ್ರಂಕಿನಿಂದ ಟೇಪ್‌ರೆಕಾರ್ಡರಿನ ಜೊತೆ ಕ್ಯಾಸೆಟ್ ಬಂತು, ಹಳೆಯ ಇಳಕಲ್ಲ ಸೀರೆಯ ತುಂಡಿನಲ್ಲಿ ಸುತ್ತಿದ್ದು. ಒಂದೇ ಡಬ್ಬಿಗೆ ತಂತಿ ಕೊಟ್ಟು ಹಚ್ಚಿದೆ. ಪಟ್ ಪಟ್. ಪದ. ಆಮೇಲೆ, ಛಿಲ್. ಎಷ್ಟು ಸ್ಪಷ್ಟ! ಎಷ್ಟು ಹತ್ತಿರ! ಒಳಗಿದ್ದ ಹಿರಿಯ ಸೊಸೆ ಹಿಟ್ಟಿನ ಕೈಯಲ್ಲೇ ಓಡಿ ಬಂದು ಬಾಗಿಲಲ್ಲಿ ನಿಂತಳು.

“ಬಂದೂವ್ರಿ ಮಾಸ್ತರ್ರ! ಬಳಿ ಬಂದೂವು!” ಎಂದು ಕುಣಿದೆ.

ಮಾಸ್ತರರು ತಲೆ ಓರೆ ಮಾಡಿ ಕೇಳುತ್ತಲೇ ಇದ್ದರು. ಮೊದಲು ಬಲಕಿವಿ, ಆಮೇಲೆ ಎಡಕಿವಿ. “ಬಂದಾವೇನು?” ಎಂದರು.

“ಕೇಳಸವಲ್ದೇನ್ರಿ?”

“ಪದ ಕೇಳಸ್ತದ. ಬಡಿಯೋದು ಕೇಳಸ್ತದ.” ಇನ್ನಷ್ಟು ಬಗ್ಗಿ ಡಬ್ಬಿಗೆ ಕಿವಿ ಹಚ್ಚಿದರು. ಆಮೇಲೆ ಹಿಂದೆ ಸರಿದು ಕುಳಿತರು. “ಈಗೀಗ ಗುಬ್ಬಿ ಚಿಂವ್ ಅನ್ನೋದೂ ಹತ್ತೂದಿಲ್ಲ ತಮ್ಮಾ. ವಯಸ್ಸಾದ್ರ ಸಣ್ಣ ಸಪ್ಪಳಾ ಕೇಳೂದಿಲ್ಲ ಅಂತ ನೀ ಅಂದಿದ್ದಿಯಲ್ಲ? ಆವಾಗ ಸುಳ್ಳಿತ್ತು. ಈಗ ಖರೇ ಆಗ್ಯದ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ನಾನು ಹುಚ್ಚನಂತೆ ದನಿಯ ಗುಂಡಿ ತಿರುವಿದೆ, ಸೊಸೆ ಕಿವಿ ಮುಚ್ಚಿಕೊಳ್ಳುವಷ್ಟು. ಮಾಸ್ತರರು ಇಲ್ಲವೆಂದು ತಲೆಯಾಡಿಸಿ, ನನ್ನ ಕೈ ಹಿಡಿದು ಗುಂಡಿ ತಿರುವಿ ಇಳಿಸಿದರು. “ಮತ್ತ ಸುಟ್ಟೀ ಮಾರಾಯಾ.”

ನಾನು ಅಲ್ಲೇ ಕುಳಿತು ಅತ್ತೆ. ಮಾಸ್ತರರು ಟೇಪನ್ನು ಮೊದಲಿಗೆ ತಿರುಗಿಸಿ, ತಮ್ಮ ಅಂಗೈಯನ್ನು ನನ್ನ ಮುಂದೆ ಚಾಚಿದರು.

“ನಿನಗ ಕೇಳಸ್ತದಲ್ಲ? ಬಳಿ ಅಂದಾಗೆಲ್ಲ ಇಲ್ಲಿ ಬೆರಳಿಲೆ ಬಡಿ.”

ಹಚ್ಚಿದರು. ಪಟ್ ಎಂದಿತು, ಛಿಲ್ ಎಂದಿತು, ನಾನು ಅಂಗೈ ಮೇಲೆ ಬಡಿದೆ. ಮತ್ತೆ ಛಿಲ್, ಮತ್ತೆ ಬಡಿದೆ. ಉಸ್ತಾದರ ಪೆಟ್ಟು ತಿಂದ ಅದೇ ಬೆರಳು. ಮಾಸ್ತರರು ಕಣ್ಣು ಮುಚ್ಚಿಕೊಂಡರು. ರೊಟ್ಟಿ ಹಂಚಿಗೆ ಹೋದಾಗ ನನ್ನ ಬೆರಳು ನಿಲ್ಲುತ್ತಿತ್ತು, ಅವರ ತುಟಿ ಒಂದು, ಎರಡು ಎಂದು ರೊಟ್ಟಿ ಎಣಿಸುತ್ತಿತ್ತು. ನಾಲ್ಕನೆಯದರಲ್ಲಿ ತಟ್ಟನೆ ಕಣ್ಣು ತೆರೆದು ನನ್ನ ಬೆರಳನ್ನು ಗಟ್ಟಿಯಾಗಿ ಹಿಡಿದರು.

“ಖರೇ ಬಡ್ಯಾಕತ್ತೀಯೋ, ಮತ್ತ ಸುಳ್ಳೋ?”

“ಖರೇನ್ರಿ ಮಾಸ್ತರ್ರ.”

ಅವರು ನನ್ನ ಮುಖವನ್ನೇ ನೋಡಿದರು. “ನೋಡು, ಈಗ ನಾ ನಿನ್ನs ನಂಬಬೇಕಾಗ್ಯದ,” ಎಂದು ಬೆರಳು ಬಿಟ್ಟು ಮತ್ತೆ ಕಣ್ಣು ಮುಚ್ಚಿದರು. ಹನ್ನೊಂದನೆಯ ರೊಟ್ಟಿಯವರೆಗೆ ನಾನು ಒಂದು ಬಳೆಯನ್ನೂ ಬಿಡಲಿಲ್ಲ, ಒಂದನ್ನೂ ಸೇರಿಸಲಿಲ್ಲ.